ಕೇಬಲ್ ಕಿತ್ತರೆ ಕರ್ನಲ್ ಯಾಕೆ ಸಾಯಬೇಕು?

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸೀಸನ್ ಶುರುವಾಯಿತು ಅಂತ ನನಗೆ ಓದುಗರ ಪತ್ರಗಳಿಂದಲೇ ಗೊತ್ತಾಗುತ್ತದೆ. ಈ ಸಲ ಬಂದ ಏಳು ಪತ್ರಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿವೆ: ಓಡುತ್ತಿರುವ ಕಂಪ್ಯೂಟರಿನಿಂದ ಡಿವೈಸ್ ಕಿತ್ತರೆ ಒಳಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ, ಏನಾಗುತ್ತದೆ? ಉಡುಪಿಯ ಕುಂಜಿಬೆಟ್ಟಿನಲ್ಲಿ ಕೂತು ಇಪ್ಪತ್ತು ವರ್ಷದಿಂದ ಡ್ರೈವರ್ (ಡಿವೈಸಿಗೂ ಕಂಪ್ಯೂಟರಿಗೂ ಮಾತು ಕೂಡಿಸುವ ಪ್ರೋಗ್ರಾಂ) ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಬೇಡ. ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಗಿಡ್ಡ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಒಂದು ಯುಎಸ್‌ಬಿ ಸೆನ್ಸರಿಗೆ ಲಿನಕ್ಸ್ ಡ್ರೈವರ್ ಬರೆದಿದ್ದೇನೆ. ಓದುವುದು, ಬರೆಯುವುದು ಎಲ್ಲ ಸರಿ ಉಂಟು. ಆದರೆ ಪ್ರೋಗ್ರಾಂ ಓಡುತ್ತಿರುವಾಗ ಕೇಬಲ್ ಕಿತ್ತರೆ ಲ್ಯಾಪ್‌ಟಾಪ್ ಗಪ್ ಅಂತ ನಿಲ್ಲುತ್ತದೆ. ಕೆಲವೊಮ್ಮೆ ನಿಲ್ಲುವುದಿಲ್ಲ, ಹತ್ತು ನಿಮಿಷ ಬಿಟ್ಟು ಸಂಬಂಧವೇ ಇಲ್ಲದ ಇನ್ನೊಂದು ಡ್ರೈವರಿನ ಹೆಸರಲ್ಲಿ ಊಪ್ಸ್ (ಕರ್ನಲ್ ಎಡವಿದಾಗ ಬರುವ ಎರರ್ ವರದಿ) ಬರುತ್ತದೆ. ಡ್ರೈವರಿನ ಮಾಡ್ಯೂಲನ್ನು ಕರ್ನಲ್‌ನಿಂದ ತೆಗೆಯಲು ಹೋದರೆ 'ಬಳಕೆಯಲ್ಲಿದೆ, ಆಗುವುದಿಲ್ಲ' ಅನ್ನುತ್ತದೆ. ಕೇಬಲಿಗೂ ಹಾಗೆ ಹೇಳಲು ಬರುವುದಿಲ್ಲವೇ ಸಾರ್?
(ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಉಂಟು. ಮಾಡ್ಯೂಲ್ ತೆಗೆಯಿರಿ ಅನ್ನುವುದು ಒಂದು ಕೋರಿಕೆ. ಕೇಬಲ್ ಕಿತ್ತದ್ದು ಸುದ್ದಿ. ಕೋರಿಕೆಗೆ ಆಗುವುದಿಲ್ಲ ಅನ್ನಬಹುದು. ಸಾವಿನ ಸುದ್ದಿ ತಂದವನ ಹತ್ತಿರ ಆಗುವುದಿಲ್ಲ ಅಂದರೆ ಎಂತ ಪ್ರಯೋಜನ? ಡಿವೈಸ್ ಹೋದಾಗ ಕರ್ನಲ್ ಕರೆಯುವ, ನಿಮ್ಮ ಡ್ರೈವರಿನ ಡಿಸ್ಕನೆಕ್ಟ್ ಫಂಕ್ಷನ್ ನೋಡಿ. ಅದು ವಾಯ್ಡ್. ಏನನ್ನೂ ವಾಪಸ್ ಹೇಳುವ ಅವಕಾಶವೇ ಅದಕ್ಕೆ ಕೊಟ್ಟಿಲ್ಲ.

ನಿಮ್ಮ ಕೋಡ್ ನಾನು ನೋಡಿಲ್ಲ. ಆದರೂ ಊಹಿಸುತ್ತೇನೆ: ಡಿವೈಸ್ ಸಿಕ್ಕಾಗ ಓಡುವ ಪ್ರೋಬ್‌ನಲ್ಲಿ ಒಂದು ಸ್ಟ್ರಕ್ಟಿಗೆ (ಡಿವೈಸಿನ ಲೆಕ್ಕ ಇಡುವ ಕಟ್ಟು) ಮೆಮೊರಿ ತೆಗೆದುಕೊಂಡಿದ್ದೀರಿ, ಡಿಸ್ಕನೆಕ್ಟ್‌ನಲ್ಲಿ ಅದನ್ನು ಕೆಫ್ರೀ ಮಾಡಿದ್ದೀರಿ, ಅಂದರೆ ಆ ಮೆಮೊರಿ ವಾಪಸ್ ಕೊಟ್ಟಿದ್ದೀರಿ. ತಂದಲ್ಲಿಗೆ ಒಪ್ಪಿಸಿದೆ, ಲೆಕ್ಕ ಚುಕ್ತಾ ಅಂತ ನಿಮ್ಮ ನಂಬಿಕೆ. ಆದರೆ ನಿಮ್ಮ ಪ್ರೋಗ್ರಾಂ ಇನ್ನೂ ಫೈಲ್ ತೆರೆದು ಕೂತಿದೆ. ಆ ತೆರೆದ ಫೈಲಿನ ಕೈಯಲ್ಲಿ ಹಳೆಯ ಸ್ಟ್ರಕ್ಟಿನ ವಿಳಾಸ ಉಂಟು. ಮುಂದಿನ ರೀಡ್‌ಗೋ, ಕೊನೆಗೆ ಫೈಲ್ ಮುಚ್ಚುವಾಗಲೋ ಅದೇ ವಿಳಾಸಕ್ಕೆ ಹೋಗುತ್ತದೆ. ಅಷ್ಟರಲ್ಲಿ ಕರ್ನಲ್ ಆ ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದರೆ ನೀವು ಅವರ ಮನೆಯೊಳಗೆ ನುಗ್ಗಿದಂತೆ. ಹತ್ತು ನಿಮಿಷ ಬಿಟ್ಟು ಬೇರೆಯವರ ಹೆಸರಲ್ಲಿ ಊಪ್ಸ್ ಬರುವುದು ಹೀಗೆ. ಪಾಪ, ಆ ಡ್ರೈವರ್ ಏನೂ ಮಾಡಿಲ್ಲ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಅಡುಗೆ ಮುಗಿದಿದೆ, ಇನ್ನು ಬಡಿಸಲು ಏನೂ ಇಲ್ಲ. ಮೂಲೆಯಲ್ಲಿ ಒಬ್ಬರು ಅಜ್ಜ ನಿಧಾನಕ್ಕೆ ಪಾಯಸ ಸವಿಯುತ್ತಿದ್ದಾರೆ. ಅವರ ಎಲೆ ಎಳೆಯುತ್ತೀರಾ? ಇಲ್ಲ ಅಲ್ವಾ? ಇನ್ನೊಂದು ಸೌಟು ಪಾಯಸ ಕೇಳಿದರೆ 'ಮುಗಿಯಿತು ಅಜ್ಜ' ಅನ್ನಬಹುದು, ಅನ್ನಲೇಬೇಕು. ಡ್ರೈವರಿನಲ್ಲಿ ಆ 'ಮುಗಿಯಿತು' ಅನ್ನುವ ಮಾತಿಗೆ ಈನೋಡೆವ್ ಅಂತ ಹೆಸರು, ಡಿವೈಸ್ ಇಲ್ಲ ಅಂತ ಅರ್ಥ. ಎಲೆ ಮಾತ್ರ ಅವರು ಏಳುವವರೆಗೆ ಅಲ್ಲೇ ಇರಬೇಕು.

ಎಷ್ಟು ಜನ ಕೂತಿದ್ದಾರೆ ಅಂತ ಎಣಿಸಲು ಕರ್ನಲ್‌ನಲ್ಲಿ ಕೆರೆಫ್ ಉಂಟು. ಪ್ರೋಬ್‌ನಲ್ಲಿ ಎಣಿಕೆ 1. ಪ್ರತಿ ಓಪನ್‌ಗೆ ಒಂದು ಕೂಡಿಸಿ. ಪ್ರತಿ ರಿಲೀಸ್‌ಗೆ ಒಂದು ಕಳೆಯಿರಿ. ಡಿಸ್ಕನೆಕ್ಟ್ ಕೂಡ ತನ್ನ ಪಾಲಿನ ಒಂದನ್ನು ಕಳೆಯುತ್ತದೆ, ಅಷ್ಟೇ. ಸೊನ್ನೆಗೆ ತಂದವರು ಯಾರೋ ಅವರ ಕೈಯಲ್ಲಿ ಮೆಮೊರಿ ಬಿಡುಗಡೆಯಾಗುತ್ತದೆ. ಅದು ಡಿಸ್ಕನೆಕ್ಟ್ ಆಗಿರಬಹುದು, ಅರ್ಧ ಗಂಟೆ ಬಿಟ್ಟು ಪ್ರೋಗ್ರಾಂ ಮುಚ್ಚಿದ ನೀವೇ ಆಗಿರಬಹುದು.

ಡಿಸ್ಕನೆಕ್ಟ್ ಒಳಗಿನ ಕೆಲಸಕ್ಕೆ ಒಂದು ಕ್ರಮ ಉಂಟು. ಮೊದಲು ಬಾಗಿಲು ಹಾಕಿ: ಡೆವ್ ಫೋಲ್ಡರಿನಲ್ಲಿ ಡಿವೈಸ್ ಹೆಸರಲ್ಲಿರುವ ಫೈಲನ್ನು ಡಿರಿಜಿಸ್ಟರ್ ಮಾಡಿದರೆ ಹೊಸಬರು ಒಳಗೆ ಬರುವುದಿಲ್ಲ. ಆಮೇಲೆ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದು 'ಡಿವೈಸ್ ಹೋಯಿತು' ಅಂತ ಒಂದು ಗುರುತು ಹಾಕಿ, ಮ್ಯೂಟೆಕ್ಸ್ ಬಿಡಿ. ರೀಡ್, ರೈಟ್‌ಗಳೂ ಅದೇ ಮ್ಯೂಟೆಕ್ಸ್ ಹಿಡಿದೇ ಆ ಗುರುತು ನೋಡಬೇಕು. ಸುಮ್ನೆ ಇಣುಕಿ ನೋಡಿ ಮುಂದೆ ಹೋದರೆ, ನೋಡಿದ್ದಕ್ಕೂ ಕೆಲಸ ಕೊಟ್ಟಿದ್ದಕ್ಕೂ ನಡುವೆ ಡಿಸ್ಕನೆಕ್ಟ್ ಪೂರ್ತಿ ಮುಗಿದು ಹೋಗಿರಬಹುದು. ಕೊನೆಗೆ, ಹಾದಿಯಲ್ಲಿರುವ ಯುಆರ್‌ಬಿಗಳನ್ನು (ಡಿವೈಸಿಗೆ ಕಳಿಸಿದ ಓದು-ಬರೆ ಕೋರಿಕೆಗಳು) ಕೊಲ್ಲಿ. ಇಲ್ಲಿ ಅನ್‌ಲಿಂಕ್, ಕಿಲ್ ಎಂಬ ಎರಡು ಫಂಕ್ಷನ್ ಸಿಗುತ್ತವೆ. ಅನ್‌ಲಿಂಕ್ 'ನಿಲ್ಲಿಸು' ಅಂತ ಹೇಳಿ ಹೊರಟುಬಿಡುತ್ತದೆ. ಕಿಲ್ ನಿಂತಿತೋ ಇಲ್ಲವೋ ಅಂತ ಕಾದು ನೋಡುತ್ತದೆ. ನಿಮಗೆ ಬೇಕಾದದ್ದು ಕಿಲ್. ಕರ್ನಲ್ ಕೋಡಿನಲ್ಲೇ ಡ್ರೈವರ್ಸ್ ಫೋಲ್ಡರಿನ ಯುಎಸ್‌ಬಿ ವಿಭಾಗದಲ್ಲಿ ಯುಎಸ್‌ಬಿ-ಸ್ಕೆಲಿಟನ್ ಅಂತ ಒಂದು ಮಾದರಿ ಡ್ರೈವರ್ ಉಂಟು. ಇದೇ ಕ್ರಮದಲ್ಲಿ ಬರೆದಿದ್ದಾರೆ. ಒಂದು ಸಂಜೆ ಕೂತು ಸಾಲು ಸಾಲಾಗಿ ಓದಿ.

ಇನ್ನೊಂದು ಮಾತು. ಕೇಬಲ್ ಕಿತ್ತ ಕ್ಷಣಕ್ಕೆ ಡಿಸ್ಕನೆಕ್ಟ್ ಬರುವುದಿಲ್ಲ. ಹಬ್ ಮೂಲಕ ಹಾಕಿದ್ದರೆ 'ನಿನ್ನ ಪೋರ್ಟಿನಲ್ಲಿ ಏನಾದರೂ ಬದಲಾಯಿತಾ' ಅಂತ ಕಂಪ್ಯೂಟರ್ ಹಬ್ಬನ್ನು ಆಗಾಗ ಕೇಳುತ್ತಿರುತ್ತದೆ. ಹೈಸ್ಪೀಡ್ ಹಬ್‌ಗಳಲ್ಲಿ ಎರಡು ಕೇಳಿಕೆಗಳ ನಡುವೆ 256 ಮಿಲಿಸೆಕೆಂಡ್ ಇರುವುದು ಮಾಮೂಲು. ಆ ಕಾಲು ಸೆಕೆಂಡಿನಲ್ಲಿ ನಿಮ್ಮ ಯುಆರ್‌ಬಿಗಳು ಈಪ್ರೋಟೊ ತರಹದ ಎರರ್ ಹಿಡಿದುಕೊಂಡು ವಾಪಸ್ ಬರುತ್ತವೆ. ಎರರ್ ನೋಡದೆ ಮತ್ತೆ ಕಳಿಸುತ್ತಾ ಹೋದರೆ ಲಾಗ್ ತುಂಬ ಒಂದೇ ಸಾಲು ಸಾವಿರ ಸಲ. ಎರರ್ ಬಂದರೆ ಸ್ವಲ್ಪ ತಡೆದು ಕಳಿಸಿ.

ನನಗೆ ಇದೆಲ್ಲ ಪುಸ್ತಕದಿಂದ ಬಂದ ಬುದ್ಧಿಯಲ್ಲ. 2013ರಲ್ಲಿ ಕಾರ್ಕಳ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಗೆ ತೂಕದ ಯಂತ್ರದ ಡ್ರೈವರ್ ಬರೆದುಕೊಟ್ಟಿದ್ದೆ. ದಿನಾ ಸಂಜೆ ನಾಲ್ಕರ ಹೊತ್ತಿಗೆ ಕಂಪ್ಯೂಟರ್ ನಿಲ್ಲುತ್ತದೆ ಅಂತ ಫೋನು. 'ನಿಮ್ಮ ಮಿಷನ್‌ಗೆ ಚಾ ಹೊತ್ತಿಗೆ ಜ್ವರ ಬರ್ತದೆ ಮಾರಾಯ್ರೆ' ಅಂದರು ಸೂಪರ್‌ವೈಸರ್. ಮಳೆಗಾಲ ಬೇರೆ. ನಮ್ಮೂರಲ್ಲಿ ಏನು ಕೆಟ್ಟರೂ ಗುಡುಗಿನ ಮೇಲೆ, ವೋಲ್ಟೇಜಿನ ಮೇಲೆ ಹಾಕುವುದು ಸುಲಭ. ನಾನೂ ಹಾಕಿದೆ. ಯುಪಿಎಸ್ ಬದಲಿಸಿದರು. ಜ್ವರ ಬಿಡಲಿಲ್ಲ. ಬಸ್ಸಿನಲ್ಲಿ ಮೂರು ಸಲ ಹೋಗಿ ಬಂದೆ. ನಾಲ್ಕನೇ ಸಲ ಚಾ ಹೊತ್ತಿಗೆ ಅಲ್ಲೇ ಬೆಂಚಿನಲ್ಲಿ ಕೂತೆ. ತೂಕ ಬರೆಯುವ ಹುಡುಗ ಎದ್ದ, ತೂಕದ ಯಂತ್ರದ ಕೇಬಲ್ ಕಿತ್ತ, ಅದೇ ಪೋರ್ಟಿಗೆ ಮೊಬೈಲ್ ಚಾರ್ಜಿಗೆ ಹಾಕಿದ, ಚಾ ಕುಡಿಯಲು ಹೋದ. ಪೆಟ್ಟಿಗೆಯ ಮುಂದುಗಡೆ ಕೈಗೆ ಸಿಗುತ್ತಿದ್ದದ್ದು ಅದೊಂದೇ ಪೋರ್ಟ್.

ಅವನದ್ದು ತಪ್ಪಿಲ್ಲ. ಕಿತ್ತು ಹಾಕಬಹುದು ಅಂತಲೇ ಯುಎಸ್‌ಬಿ ಮಾಡಿದ್ದು. ಆ ಪ್ಲಗ್ಗನ್ನು ಹತ್ತಿರ ಹಿಡಿದು ನೋಡಿ: ಒಳಗಿನ ನಾಲ್ಕು ಪಟ್ಟಿಗಳಲ್ಲಿ ಆಚೀಚೆಯ ಕರೆಂಟಿನ ಎರಡು ಉದ್ದ, ನಡುವಿನ ಡೇಟಾದ ಎರಡು ಗಿಡ್ಡ. ಕೀಳುವಾಗ ಡೇಟಾ ಮೊದಲು ಬಿಡಬೇಕು, ಕರೆಂಟು ಆಮೇಲೆ. ಪ್ಲಗ್ ಮಾಡಿದವರು ಕೀಳುವುದನ್ನು ಲೆಕ್ಕಕ್ಕೆ ಹಿಡಿದಿದ್ದರು. ನಾನು ಹಿಡಿದಿರಲಿಲ್ಲ.

ನನ್ನ ತಪ್ಪು ಇಷ್ಟು. ಪ್ರತಿ 200 ಮಿಲಿಸೆಕೆಂಡಿಗೆ ಒಂದು ಟೈಮರ್ ಎದ್ದು ವರ್ಕ್ (ಹಿನ್ನೆಲೆಯಲ್ಲಿ ಓಡುವ ತುಂಡು ಕೆಲಸ) ಒಂದನ್ನು ಎಬ್ಬಿಸುತ್ತಿತ್ತು. ಆ ವರ್ಕ್ ತೂಕ ಓದಿ ಮತ್ತೆ ಟೈಮರನ್ನು ಎಬ್ಬಿಸುತ್ತಿತ್ತು. ಡಿಸ್ಕನೆಕ್ಟ್‌ನಲ್ಲಿ ನಾನು ಟೈಮರ್ ನಿಲ್ಲಿಸಿದೆ. ಆಗ ಓಡುತ್ತಿದ್ದ ವರ್ಕ್ ಅದನ್ನು ಮತ್ತೆ ಎಬ್ಬಿಸಿತು. ನಾನು ಮೆಮೊರಿ ಬಿಟ್ಟುಕೊಟ್ಟೆ. 200 ಮಿಲಿಸೆಕೆಂಡ್ ಬಿಟ್ಟು ಟೈಮರ್ ಎದ್ದು ನೋಡಿದರೆ ಕಾಲ ಕೆಳಗೆ ನೆಲವೇ ಇಲ್ಲ. ಒಂದನ್ನೊಂದು ಎಬ್ಬಿಸುವ ಇಂಥ ಜೋಡಿಗಳಿಗೆಂದೇ ಲಿನಕ್ಸ್ 6.2ರಲ್ಲಿ ಟೈಮರ್ ಶಟ್‌ಡೌನ್ ಅನ್ನುವ ಫಂಕ್ಷನ್ ಬಂತು. ಅದು ಮಲಗಿಸಿದ ಟೈಮರನ್ನು ಯಾರು ಎಬ್ಬಿಸಿದರೂ ಏಳುವುದಿಲ್ಲ. 2013ರಲ್ಲಿ ಅದು ಇರಲಿಲ್ಲ. 'ಹೋಯಿತು' ಗುರುತನ್ನು ವರ್ಕ್ ಒಳಗೂ ನೋಡುವಂತೆ ಮಾಡಿ ಸರಿಪಡಿಸಿದೆ. ಹುಡುಗನಿಗೆ ಒಂದು ಚಾರ್ಜರೂ ತೆಗೆದುಕೊಟ್ಟೆ.

ಪ್ರಶ್ನೆ: ಡೆವ್ಎಂ ಫಂಕ್ಷನ್‌ಗಳಲ್ಲಿ ಮೆಮೊರಿ ತೆಗೆದುಕೊಂಡರೆ ಬಿಡುವ ತಲೆಬಿಸಿ ಇಲ್ಲ, ಎಲ್ಲ ತನ್ನಿಂದ ತಾನೇ ಸರಿಯಾಗುತ್ತದೆ ಅಂತ ಸೀನಿಯರ್ ಹೇಳಿದರು. ಹೌದಾ?
(ಮಣಿಪಾಲ)

ಉತ್ತರ: ಅರ್ಧ ಹೌದು. ಡ್ರೈವರ್ ಡಿವೈಸಿನಿಂದ ಬಿಡಿಸಿಕೊಂಡ ಕೂಡಲೇ ಅದು ಮೆಮೊರಿ ಬಿಟ್ಟುಬಿಡುತ್ತದೆ. ಆಗ ಯಾರಾದರೂ ಫೈಲ್ ತೆರೆದು ಕೂತಿದ್ದಾರಾ ಅಂತ ನೋಡುವುದಿಲ್ಲ. ಮೇಲಿನ ಪತ್ರದ ಹುಡುಗ ಕೈಯಾರೆ ಮಾಡಿದ ತಪ್ಪನ್ನು ಇದು ಆಟೋಮ್ಯಾಟಿಕ್ಕಾಗಿ ಮಾಡಿಕೊಡುತ್ತದೆ. ರಿಜಿಸ್ಟರ್ ಮ್ಯಾಪಿಂಗ್, ಕ್ಲಾಕ್ ಇಂಥವಕ್ಕೆ ಡೆವ್ಎಂ ಬಳಸಿ, ಒಳ್ಳೆಯದು. ತೆರೆದ ಫೈಲಿನ ಕೈಗೆ ಹೋಗುವ ಸ್ಟ್ರಕ್ಟಿಗೆ ಬೇಡ.

ಪ್ರಶ್ನೆ: ನನ್ನದು ಜೆರಾಕ್ಸ್ ಅಂಗಡಿ. ದಿನಕ್ಕೆ ನೂರು ಪೆನ್‌ಡ್ರೈವ್ ಬರುತ್ತವೆ. ಪ್ರತಿಯೊಂದಕ್ಕೂ 'ಸೇಫ್ಲಿ ರಿಮೂವ್' ಒತ್ತುತ್ತಾ ಕೂತರೆ ಕ್ಯೂ ರಸ್ತೆಗೆ ಬರುತ್ತದೆ. ಒತ್ತದಿದ್ದರೆ ನಿಜವಾಗಿ ಏನಾದರೂ ಆಗುತ್ತದಾ?
(ಹಂಪನಕಟ್ಟೆ, ಮಂಗಳೂರು)

ಉತ್ತರ: ವಿಂಡೋಸ್ 10ರ 1809 ಆವೃತ್ತಿ, ಅಂದರೆ 2018ರಿಂದ ಈಚೆಗೆ ಪೆನ್‌ಡ್ರೈವ್‌ಗಳಿಗೆ 'ಕ್ವಿಕ್ ರಿಮೂವಲ್' ತಾನಾಗಿಯೇ ಇರುತ್ತದೆ. ಬರೆಯಬೇಕಾದ್ದನ್ನು ಮೆಮೊರಿಯಲ್ಲಿ ಕೂಡಿಟ್ಟುಕೊಳ್ಳದೆ ಆಗಿಂದಾಗಲೇ ಬರೆಯುತ್ತದೆ. ಹಾಗಾಗಿ ಕಾಪಿ ಪೂರ್ತಿ ಮುಗಿದು, ಲೈಟ್ ಮಿಣುಕುವುದು ನಿಂತ ಮೇಲೆ ಕಿತ್ತರೆ ಸಾಮಾನ್ಯವಾಗಿ ತೊಂದರೆ ಇಲ್ಲ. 'ನಾನು ಓದಿದ್ದು ಮಾತ್ರ, ಬರೆದಿಲ್ಲ' ಅಂತ ಮಾತ್ರ ಅಂದುಕೊಳ್ಳಬೇಡಿ. ವರ್ಡ್ ಫೈಲನ್ನು ಪೆನ್‌ಡ್ರೈವಿನಿಂದಲೇ ತೆರೆದರೆ ಅದೇ ಫೋಲ್ಡರಿನಲ್ಲಿ ಒಂದು ಅಡಗಿದ ಫೈಲ್ ಹುಟ್ಟುತ್ತದೆ, ಮುಚ್ಚಿದಾಗ ಹೋಗುತ್ತದೆ. ಮೊದಲು ವರ್ಡ್ ಮುಚ್ಚಿ, ಆಮೇಲೆ ಕೀಳಿ.

ಅಂಗಡಿಯ ಕಂಪ್ಯೂಟರ್ ಲಿನಕ್ಸ್ ಆಗಿದ್ದರೆ ಮಾತು ಬೇರೆ. ಅಲ್ಲಿ ಕಾಪಿಯ ಪಟ್ಟಿ ನೂರು ಪರ್ಸೆಂಟ್ ಆದರೂ ಡೇಟಾ ಇನ್ನೂ ಮೆಮೊರಿಯಲ್ಲೇ ಇರಬಹುದು. ಬರೆಯದೆ ಉಳಿದದ್ದು 30 ಸೆಕೆಂಡ್ ಹಳತಾದ ಮೇಲೆ ಕರ್ನಲ್ ಅದನ್ನು ಡಿಸ್ಕಿಗೆ ತಳ್ಳಲು ಶುರುಮಾಡುವುದು ಮಾಮೂಲು ಸೆಟ್ಟಿಂಗ್. ಅಲ್ಲಿ ಇಜೆಕ್ಟ್ ಒತ್ತಲೇಬೇಕು. ದೊಡ್ಡ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬಂದರೆ ವಿಂಡೋಸ್ ಆದರೂ ಒತ್ತಿ. ಮದುವೆ ಫೋಟೋ ಹೋದವರ ಮುಖ ನಾನು ನೋಡಿದ್ದೇನೆ.

ಪ್ರಶ್ನೆ: ಕೇಬಲ್ ಕಿತ್ತರೆ ನಮ್ಮ ಡ್ರೈವರ್ ಸಾಯುವುದಿಲ್ಲ, ಡಿಸ್ಕನೆಕ್ಟ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ನಿಮಿಷ ಬಿಟ್ಟು '120 ಸೆಕೆಂಡಿಗಿಂತ ಜಾಸ್ತಿ ಬ್ಲಾಕ್ ಆಗಿದೆ' ಅಂತ ಲಾಗಿನಲ್ಲಿ ಬರುತ್ತದೆ. ಆಮೇಲೆ ಡಿವೈಸ್‌ಗಳ ಪಟ್ಟಿ ತೋರಿಸುವ ಕಮಾಂಡ್ ಕೂಡ ಓಡುವುದಿಲ್ಲ.
(ಕೊಟ್ಟಾರ, ಮಂಗಳೂರು)

ಉತ್ತರ: ಡಿಸ್ಕನೆಕ್ಟ್‌ನಲ್ಲಿ ಮ್ಯೂಟೆಕ್ಸ್ ಹಿಡಿದುಕೊಂಡೇ ವರ್ಕ್ ಮುಗಿಯಲಿ ಅಂತ ಕಾಯುತ್ತಿದ್ದೀರಿ. ಆ ವರ್ಕಿಗೆ ಮುಗಿಯಲು ಅದೇ ಮ್ಯೂಟೆಕ್ಸ್ ಬೇಕು. ಓಣಿಯಲ್ಲಿ ಎದುರುಬದುರಾದ ಎರಡು ರಿಕ್ಷಾ, ಇಬ್ಬರೂ 'ನೀನು ಹಿಂದೆ ಹೋಗು' ಅಂತ ಕೂತಂತೆ. ಡಿಸ್ಕನೆಕ್ಟ್ ನಡೆಯುವಾಗ ಯುಎಸ್‌ಬಿ ಕೋರ್ ಆ ಡಿವೈಸಿನ ಲಾಕ್ ಹಿಡಿದಿರುತ್ತದೆ. ಹಾಗಾಗಿ ಹಿಂದೆ ಬಂದವರೆಲ್ಲ ಸಾಲಾಗಿ ನಿಲ್ಲುತ್ತಾರೆ, ಪಟ್ಟಿ ತೋರಿಸುವ ಕಮಾಂಡ್ ಕೂಡ. ಗುರುತು ಹಾಕುವಷ್ಟು ಹೊತ್ತು ಮಾತ್ರ ಲಾಕ್ ಹಿಡಿಯಿರಿ. ಬಿಟ್ಟ ಮೇಲೆ ಕಾಯಿರಿ. ಸುರತ್ಕಲ್‌ನವರಿಗೆ 'ಮ್ಯೂಟೆಕ್ಸ್ ಬಿಡಿ' ಅಂತ ಬೇರೆಯೇ ಬರೆದದ್ದು ಇದಕ್ಕೇ. ಲಾಕ್‌ಗಳ ಮೇಲೆ ಕಣ್ಣಿಡುವ ಲಾಕ್‌ಡೆಪ್ ಆನ್ ಮಾಡಿ ಕರ್ನಲ್ ಕಟ್ಟಿದರೆ, ಸಿಕ್ಕಿಹಾಕಿಕೊಳ್ಳುವ ಮೊದಲೇ ಈ ಜಾತಿಯ ತಪ್ಪನ್ನು ಅದು ಬೆರಳು ಮಾಡಿ ತೋರಿಸುತ್ತದೆ.

ಪ್ರಶ್ನೆ: ಬೋಟಿನ ಲ್ಯಾಪ್‌ಟಾಪಿಗೆ ಜಿಪಿಎಸ್ಸನ್ನು ಯುಎಸ್‌ಬಿ-ಸೀರಿಯಲ್ ಕೇಬಲಿನಲ್ಲಿ ಹಾಕಿದ್ದೇವೆ. ಇಂಜಿನ್ ಅದುರಿಗೆ ಪ್ಲಗ್ ಸಡಿಲಾಗಿ ಒಮ್ಮೆ ಬಿಟ್ಟು ಹಾಕಿದರೆ ಡಿವೈಸಿನ ಹೆಸರು ಟಿಟಿವೈಯುಎಸ್‌ಬಿ 0 ಇದ್ದದ್ದು 1 ಆಗುತ್ತದೆ. ನಕ್ಷೆಯ ಪ್ರೋಗ್ರಾಂ ಸುಮ್ನೆ ಕೂರುತ್ತದೆ. ಸಮುದ್ರದ ಮಧ್ಯೆ ಇದು ಆಗುವ ಕೆಲಸವಾ?
(ಮಲ್ಪೆ)

ಉತ್ತರ: ಡ್ರೈವರ್ ಸರಿಯಾಗಿಯೇ ಉಂಟು. ಇಲ್ಲಿ ಏಳದೆ ಕೂತ ಅಜ್ಜ ನಿಮ್ಮ ನಕ್ಷೆಯ ಪ್ರೋಗ್ರಾಂ. ಕೇಬಲ್ ಬಿಟ್ಟಾಗ ಕರ್ನಲ್ ಅದಕ್ಕೆ ಹ್ಯಾಂಗಪ್ ಹೇಳಿದೆ: ಓದಲು ಹೋದರೆ ಸೊನ್ನೆ ಬೈಟ್, ಬರೆಯಲು ಹೋದರೆ ಎರರ್. ಪ್ರೋಗ್ರಾಂ ಅದನ್ನು ಗಮನಿಸದೆ 0 ನಂಬರನ್ನು ಹಿಡಿದೇ ಕೂತಿದೆ. ಆ ನಂಬರ್ ಖಾಲಿಯಾಗದ್ದರಿಂದ ವಾಪಸ್ ಬಂದ ಜಿಪಿಎಸ್‌ಗೆ 1 ಸಿಗುತ್ತದೆ. ಸದ್ಯಕ್ಕೆ ಪ್ರೋಗ್ರಾಂ ಮುಚ್ಚಿ, ಕೇಬಲ್ ಕಿತ್ತು ಹಾಕಿ, ಮತ್ತೆ ತೆರೆಯಿರಿ. 0 ವಾಪಸ್ ಬರುತ್ತದೆ.

ಪ್ರೋಗ್ರಾಂ ಬರೆದವರಿಗೆ ಎರಡು ಮಾತು ಹೇಳಿ. ಸೊನ್ನೆ ಬೈಟ್ ಬಂದರೆ ಫೈಲ್ ಮುಚ್ಚಿ ಸೆಕೆಂಡಿಗೊಮ್ಮೆ ಮತ್ತೆ ತೆರೆಯಲು ನೋಡಬೇಕು. ನಂಬರ್ ನಂಬದೆ ಡೆವ್ ಫೋಲ್ಡರಿನ ಸೀರಿಯಲ್ ವಿಭಾಗದಲ್ಲಿ 'ಬೈ-ಐಡಿ' ಹೆಸರಿನಿಂದ (ಡಿವೈಸಿನ ಗುರುತಿನಿಂದ ಬರುವ ಹೆಸರು) ತೆರೆಯಬೇಕು. ಸಿಎಚ್340 ಚಿಪ್ಪಿನ ಅಗ್ಗದ ಕೇಬಲ್‌ಗಳಲ್ಲಿ ಹೆಚ್ಚಾಗಿ ಸೀರಿಯಲ್ ನಂಬರ್ ಇರುವುದಿಲ್ಲ. ಅಂಥವು ಎರಡಿದ್ದರೆ 'ಬೈ-ಪಾತ್' (ಪೋರ್ಟಿನ ಜಾಗದಿಂದ ಬರುವ ಹೆಸರು) ಬಳಸಿ, ಯಾವ ಕೇಬಲ್ ಯಾವ ಪೋರ್ಟಿಗೆ ಅಂತ ಪೇಂಟಿನಲ್ಲಿ ಗುರುತು ಹಾಕಿ. ಪ್ಲಗ್ಗಿಗೆ ಒಂದು ಟೈ ಹಾಕಿ ಬಿಗಿದರೆ ಇದ್ಯಾವುದೂ ಬೇಡವಾದೀತು. ಉಪ್ಪು ಗಾಳಿಗೆ ಪಟ್ಟಿಗಳು ಹಸಿರು ಹಿಡಿದಿವೆಯಾ ಅಂತಲೂ ನೋಡಿ.

ಪ್ರಶ್ನೆ: ಥಂಡರ್‌ಬೋಲ್ಟ್ ಕೇಬಲಿನ ಹೊರಪೆಟ್ಟಿಗೆಯಲ್ಲಿ ನಮ್ಮ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಇಟ್ಟು ಪರೀಕ್ಷೆ ಮಾಡುತ್ತೇವೆ. ಪೆಟ್ಟಿಗೆಯ ಕೇಬಲ್ ಬಿಟ್ಟುಹೋದರೆ ಒಂದು ಸಿಪಿಯು ನೂರು ಪರ್ಸೆಂಟಿಗೆ ಹೋಗಿ ಇಳಿಯುವುದೇ ಇಲ್ಲ. ಲಾಗಿನಲ್ಲಿ ಒಂದು ಎರರೂ ಇಲ್ಲ.
(ಬಿಜೈ, ಮಂಗಳೂರು)

ಉತ್ತರ: ಯುಎಸ್‌ಬಿಗಿಂತ ಇದು ಮೋಸದ ಜಾತಿ. ಯುಎಸ್‌ಬಿಯಲ್ಲಿ ಕಳಿಸಿದ ಕೆಲಸ ಎರರ್ ಹಿಡಿದಾದರೂ ವಾಪಸ್ ಬರುತ್ತದೆ. ಪಿಸಿಐಯಲ್ಲಿ ರಿಜಿಸ್ಟರ್ (ಕಾರ್ಡಿನೊಳಗಿನ ಪುಟ್ಟ ಮಾಹಿತಿ ಖಾನೆ) ಓದುವುದು ಮೆಮೊರಿ ಓದಿದಂತೆ. ಇಲ್ಲದ ಕಾರ್ಡಿನಿಂದ ಓದಿದರೂ ಒಂದು ಬೆಲೆ ಸಿಗುತ್ತದೆ: 32 ಬಿಟ್‌ಗಳೂ 1. ಬರೆದದ್ದು ಸದ್ದಿಲ್ಲದೆ ಮಾಯ.

ಈಗ ನಿಮ್ಮ ಡ್ರೈವರಿನಲ್ಲಿ 'ಬ್ಯುಸಿ ಬಿಟ್ ಸೊನ್ನೆ ಆಗುವವರೆಗೆ ಕಾಯಿ' ಅನ್ನುವ ವೈಲ್ ಲೂಪ್ ಹುಡುಕಿ. ಖಂಡಿತ ಒಂದು ಇರುತ್ತದೆ. ಹೋದ ಕಾರ್ಡಿನ ಬ್ಯುಸಿ ಬಿಟ್ ಯಾವಾಗಲೂ 1. ಪ್ರಳಯದವರೆಗೆ ಕಾಯುತ್ತದೆ. ಎಲ್ಲ ಲೂಪಿಗೂ ಗಡುವು ಹಾಕಿ. ಎಲ್ಲ ಬಿಟ್‌ಗಳೂ 1 ಬಂದರೆ ಅನುಮಾನಪಡಿ. ಕೆಲವು ರಿಜಿಸ್ಟರಿಗೆ ಅದು ನಿಜವಾದ ಬೆಲೆಯೂ ಆಗಿರಬಹುದು, ಆಗ ವೆಂಡರ್ ಐಡಿ (ತಯಾರಕರ ನಂಬರ್) ಓದಿ ನೋಡಿ. ಜೀವಂತ ಕಾರ್ಡಿನ ವೆಂಡರ್ ಐಡಿ ಎಂದೂ ಪೂರ್ತಿ 1 ಇರುವುದಿಲ್ಲ. ಕಾರ್ಡ್ ಇದೆಯಾ ಅಂತ ಕೇಳಲು ಕರ್ನಲ್‌ನಲ್ಲಿರುವ ಫಂಕ್ಷನ್ ಕೂಡ ಇದನ್ನೇ ನೋಡುವುದು.

ಲೂಪಿಗಿಂತ ನನಗೆ ಹೆದರಿಕೆ ಇಂಡೆಕ್ಸಿನದ್ದು. ಕಾರ್ಡ್ ಕೊಟ್ಟ ನಂಬರನ್ನು ನೇರ ಅರೇ ಇಂಡೆಕ್ಸ್ ಮಾಡಿಕೊಂಡಿದ್ದರೆ, ಕೇಬಲ್ ಬಿಟ್ಟ ಕ್ಷಣ ನೀವು 4294967295ನೇ (32 ಬಿಟ್‌ಗಳೂ 1 ಆದರೆ ಇದೇ ಸಂಖ್ಯೆ) ಜಾಗಕ್ಕೆ ಹೋಗುತ್ತೀರಿ. 256 ಜಾಗ ಇರುವ ರಿಂಗಿನಲ್ಲಿ! ಹಾರ್ಡ್‌ವೇರ್ ಹೇಳಿದ್ದನ್ನೂ ಹೊರಗಿನವರ ಮಾತಿನಂತೆ ಒರೆಗೆ ಹಚ್ಚಿ. ರಿಮೂವ್ ಫಂಕ್ಷನ್ನಿನಲ್ಲಿ ಕಾರ್ಡಿಗೆ 'ನಿಲ್ಲು' ಅಂತ ಆಜ್ಞೆ ಕೊಟ್ಟು ಉತ್ತರಕ್ಕೆ ಕಾಯುವ ಕೋಡ್ ಉಂಟಾ ಅಂತಲೂ ನೋಡಿ. ವಿಂಡೋಸ್ 2000ದಿಂದ ಈಚೆಗೆ ಡ್ರೈವರಿಗೆ ಎರಡು ಬೇರೆ ಬೇರೆ ಸಂದೇಶ ಬರುತ್ತವೆ: 'ತೆಗೆಯಲಾ?' ಅಂತ ಕೇಳುವ ಕ್ವೆರಿ, 'ಹೋಗಿಯಾಯಿತು' ಅನ್ನುವ ಸರ್ಪ್ರೈಸ್ ರಿಮೂವಲ್. ಮೊದಲನೆಯದಕ್ಕೆ ಬೇಡ ಅನ್ನಬಹುದು. ಲಿನಕ್ಸ್‌ನಲ್ಲಿ ಎರಡಕ್ಕೂ ಒಂದೇ ರಿಮೂವ್, ಕಾರ್ಡ್ ಇದೆಯೋ ಇಲ್ಲವೋ ನೀವೇ ಕೇಳಿಕೊಳ್ಳಬೇಕು. ಈ ವಿಷಯದಲ್ಲಿ ನನಗೆ ವಿಂಡೋಸಿನ ರೀತಿಯೇ ಹಿಡಿಸುತ್ತದೆ. ಲಿನಕ್ಸ್ ಗೆಳೆಯರು ಬೈಯಲಿ.

ಪ್ರಶ್ನೆ: ಇದನ್ನೆಲ್ಲ ಪರೀಕ್ಷೆ ಮಾಡುವುದು ಹೇಗೆ? ದಿನವಿಡೀ ಕಿತ್ತು ಹಾಕಿ ಕೈ ನೋಯುತ್ತದೆ.
(ಕುಂದಾಪುರ)

ಉತ್ತರ: ಕೈಗಿಂತ ಮೊದಲು ಪ್ಲಗ್ ಸೋಲುತ್ತದೆ. ಹಳೆಯ ಚಪ್ಪಟೆ ಯುಎಸ್‌ಬಿ-ಎ ಪ್ಲಗ್ಗಿಗೆ ಮಾನದಂಡದಲ್ಲಿ ಹೇಳಿದ್ದು 1,500 ಸಲ, ಟೈಪ್-ಸಿಗೆ 10,000. ಕರ್ನಲ್ ತನ್ನ ಒಳಗನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಡ್ರೈವರಿಗೂ ಅನ್‌ಬೈಂಡ್, ಬೈಂಡ್ ಅಂತ ಎರಡು ಫೈಲ್ ಉಂಟು. ಒಂದು ಪ್ರೋಗ್ರಾಂ ಡಿವೈಸ್ ತೆರೆದು ಓದುತ್ತಲೇ ಇರಲಿ. ಇನ್ನೊಂದು ಸ್ಕ್ರಿಪ್ಟ್ ಆ ಫೈಲ್‌ಗಳಿಗೆ ಡಿವೈಸಿನ ಹೆಸರು ಬರೆಯುತ್ತಾ ರಾತ್ರಿಯಿಡೀ ಬಿಡಿಸಿ ಕಟ್ಟುತ್ತಿರಲಿ. ಕರ್ನಲನ್ನು ಕೇಸಾನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಆನ್ ಮಾಡಿ ಕಟ್ಟಿ. ಬಿಟ್ಟುಕೊಟ್ಟ ಮೆಮೊರಿ ಮುಟ್ಟಿದ ಕೂಡಲೇ ಯಾರು ಮುಟ್ಟಿದರು, ಯಾರು ಬಿಟ್ಟಿದ್ದರು ಅಂತ ಎರಡನ್ನೂ ಲಾಗಿನಲ್ಲಿ ಬರೆಯುತ್ತದೆ. ಹತ್ತು ನಿಮಿಷ ಬಿಟ್ಟು ಪಕ್ಕದ ಮನೆಯವರ ಹೆಸರಲ್ಲಿ ಬರುವ ಊಪ್ಸಿಗೆ ಇದೇ ಮದ್ದು.

ಆದರೆ ಅನ್‌ಬೈಂಡ್ ಮಾಡುವಾಗ ಕೇಬಲ್ ಜಾಗದಲ್ಲೇ ಇರುತ್ತದೆ. ಡಿವೈಸ್ ಕೇಳಿದ್ದಕ್ಕೆ ಉತ್ತರ ಕೊಡುತ್ತಿರುತ್ತದೆ. ಆ ಕಾಲು ಸೆಕೆಂಡಿನ ಎರರ್ ಮಳೆ ಇದರಲ್ಲಿ ಕಾಣುವುದಿಲ್ಲ. ಅದಕ್ಕೆ ನಿಜವಾಗಿ ಕೀಳಲೇಬೇಕು: ಓದುವಾಗ ಹತ್ತು ಸಲ, ಬರೆಯುವಾಗ ಹತ್ತು ಸಲ, ಪ್ರೋಬ್ ನಡೆಯುತ್ತಿರುವಾಗಲೇ ಹತ್ತು ಸಲ. ನನ್ನ ಮೇಜಿನ ಮೇಲೆ ಒಂದು ಹಳೆಯ ಹಬ್ ಉಂಟು. ಕಿತ್ತು ಕಿತ್ತು ಅದರ ಮೂರನೇ ಪೋರ್ಟ್ ಸಡಿಲಾಗಿದೆ, ಮೇಜಿಗೆ ಮೊಣಕೈ ತಾಗಿದರೆ ಸಾಕು, ಬಿಟ್ಟು ಹಿಡಿಯುತ್ತದೆ. ಮನೆಯವರು ಎಸೆಯಲು ನೋಡಿದ್ದರು. ನಾನು ಬಿಡಲಿಲ್ಲ. ಹೊಸ ಡ್ರೈವರ್ ಬರೆದಾಗಲೆಲ್ಲ ಡಿವೈಸನ್ನು ಆ ಪೋರ್ಟಿಗೇ ಹಾಕಿ ಒಂದು ವಾರ ಮಾಮೂಲು ಕೆಲಸ ಮಾಡುತ್ತೇನೆ.